ಕಾಡು ಸುತ್ತೋದೂ ಒಂದ್ ಕೆಲ್ಸಾನಾ ಸರ್?

ಪ್ರಶ್ನೆ: ಸರ್, ನಮ್ದು ಮಧುಗಿರಿ ಹತ್ರ ಹಳ್ಳಿ. ಮಗಳು ತುಮಕೂರಲ್ಲಿ ಬಿಎಸ್ಸಿ ಜುವಾಲಜಿ ಕೊನೇ ವರ್ಷ. ಭಾನುವಾರ ಬಂದ್ರೆ ಸಾಕು, ಮೈದನಹಳ್ಳಿ ಕಾವಲಿಗೆ ಹೋಗಿ ಕೃಷ್ಣಮೃಗ ಎಣಿಸಿ ನೋಟ್‌ಬುಕ್ಕಲ್ಲಿ ಬರ್ಕೊಂಡ್ ಬರ್ತಾಳೆ. ವೈಲ್ಡ್‌ಲೈಫ್ ಪ್ರೊಫೆಸರ್ ಆಗ್ತಾಳಂತೆ. ನಾವು ಬಿ.ಎಡ್ ಮಾಡಮ್ಮ ಅಂತಿದೀವಿ. ಕಾಡು ಸುತ್ತೋದೂ ಒಂದ್ ಕೆಲ್ಸಾನಾ?
– ಒಬ್ಬ ತಂದೆ, ಮಧುಗಿರಿ ತಾಲ್ಲೂಕು

ಉತ್ತರ: ಕೆಲ್ಸಾನೇ ಸರ್, ಅದೂ ಮೈಮುರಿಯೋ ಕೆಲ್ಸ. ಎ.ಜೆ.ಟಿ. ಜಾನ್‌ಸಿಂಗ್ ಅಂತ ಒಬ್ಬ ವನ್ಯಜೀವಿ ವಿಜ್ಞಾನಿ ಇದ್ರು, 2024ರ ಜೂನ್‌ನಲ್ಲಿ ಬೆಂಗಳೂರಲ್ಲಿ ತೀರ್ಕೊಂಡ್ರು. ಅವ್ರೂ ಮೊದ್ಲು ಶಿವಕಾಶಿ ಕಾಲೇಜೊಂದ್ರಲ್ಲಿ ಜುವಾಲಜಿ ಮೇಷ್ಟ್ರೇ, ಆದ್ರೆ 1976ರ ಹೊತ್ತಿಗೆ ನಮ್ಮ ಬಂಡೀಪುರಕ್ಕೆ ಬಂದು ಎರಡು ವರ್ಷ ಸೀಳುನಾಯಿಗಳ ಹಿಂದೇನೇ ನಡೆದ್ರು, ಅದೂ ಯಾವ ಪ್ರಾಣೀನ? ಒಂದು ಕಾಲಕ್ಕೆ ಕೊಂದವ್ರಿಗೆ ಸರ್ಕಾರಾನೇ ಇನಾಮು ಕೊಡ್ತಿದ್ದ ಪ್ರಾಣೀನ. ಇಂಥ ಸ್ಟಡೀಲಿ ಏನ್ ಮಾಡ್ತಾರೆ ಗೊತ್ತಾ, ದಾರೀಲಿ ಬಿದ್ದಿರೋ ಮಲ ಹೆಕ್ಕಿ, ತೊಳೆದು, ಒಣಗಿಸಿ, ಅದ್ರೊಳಗೆ ಉಳಿದಿರೋ ಕೂದಲನ್ನ ಮೈಕ್ರೋಸ್ಕೋಪಲ್ಲಿ ನೋಡ್ತಾರೆ, ಜಿಂಕೆ ಕೂದಲ ವಿನ್ಯಾಸಾನೇ ಬೇರೆ, ಮೊಲದ್ದೇ ಬೇರೆ, ಹಂಗೆ ಒಂದೊಂದ್ ಎಳೆಯಿಂದ ಪ್ರಾಣಿ ಏನ್ ತಿಂದಿತ್ತು ಅಂತ ಗೊತ್ತಾಗುತ್ತೆ. ಟೀವೀಲಿ ಇದನ್ನೆಲ್ಲ ತೋರ್ಸಲ್ಲ. ಆಮೇಲೆ ಜಾನ್‌ಸಿಂಗ್ ಡೆಹ್ರಾಡೂನ್‌ನ ವೈಲ್ಡ್‌ಲೈಫ್ ಇನ್‌ಸ್ಟಿಟ್ಯೂಟಲ್ಲಿ ಪಾಠ ಮಾಡ್ತಾ 2005ರಲ್ಲಿ ರಿಟೈರ್ ಆದ್ರು. ಸ್ಟೂಡೆಂಟ್ಸ್‌ನ ಕಾಡಲ್ಲಿ ನಡೆಸ್ಕೊಂಡೇ ಕಲಿಸ್ತಿದ್ರು.

ನಿಮ್ ಚಿಂತೆ ದುಡ್ಡಿಂದೂ ಇರುತ್ತೆ, ತಪ್ಪಲ್ಲ. ಎಂಎಸ್ಸಿ, ಪಿಎಚ್‌ಡಿ ಅಂತ ಮೂವತ್ತು ದಾಟುತ್ತೆ, ಖಾಯಂ ಹುದ್ದೆಗಳೂ ಕಮ್ಮಿ, ಸುಳ್ ಹೇಳಲ್ಲ. ಆದ್ರೆ ಎಂಎಸ್ಸಿ ಮಾಡಿ ನೆಟ್ ಅನ್ನೋ ರಾಷ್ಟ್ರಮಟ್ಟದ ಪರೀಕ್ಷೇಲಿ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಬಂದ್ರೆ ಪಿಎಚ್‌ಡಿ ಮಾಡ್ತಾನೇ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್ ಇದೆ. ಬೆಂಗಳೂರಿನ ಎನ್‌ಸಿಬಿಎಸ್ ಅನ್ನೋ ಜೀವವಿಜ್ಞಾನ ಸಂಶೋಧನಾ ಸಂಸ್ಥೇಲಿ ಇದಕ್ಕಂತಾನೇ ಎಂಎಸ್ಸಿ ಇದೆ, ಡೆಹ್ರಾಡೂನಲ್ಲೂ ಇದೆ, ಸೀಟು ಕಮ್ಮಿ, ಎಂಟ್ರೆನ್ಸ್ ಬರೀಬೇಕು, ಅಂಕಿಅಂಶಶಾಸ್ತ್ರ ಈಗ್ಲಿಂದಾನೇ ಗಟ್ಟಿ ಮಾಡ್ಕೊಳ್ಲಿ. ಬಿ.ಎಡ್ ಎಲ್ಲೂ ಓಡೋಗಲ್ಲ ಸರ್.

ಅವಳಿಗೊಂದ್ ಮಾತು ಹೇಳಿ: ಬರೀ ಎಷ್ಟು ಕೃಷ್ಣಮೃಗ ಅಂತ ಬರೆದ್ರೆ ಸಾಲ್ದು, ಎಲ್ಲಿ ನಿಂತಿದ್ಲು, ಎಷ್ಟೊತ್ತಿಗೆ, ಎಷ್ಟು ದೂರ, ಗಂಡೆಷ್ಟು ಹೆಣ್ಣೆಷ್ಟು ಮರಿಯೆಷ್ಟು, ಒಂದೂ ಕಾಣದ ದಿನ ಸೊನ್ನೆ ಅಂತಾನೂ ಬರೀಲಿ. ಇಂಟರ್‌ವ್ಯೂಗೆ ಆ ನೋಟ್‌ಬುಕ್ಕನ್ನೇ ತಗೊಂಡ್ ಹೋಗ್ಲಿ.