ಹುಬ್ಬಳ್ಳಿಯಿಂದ ಅಪ್ಪ-ಅವ್ವನ ಜೊತೆ ನಾಲ್ಕು ದಿನ ದಿಲ್ಲಿ ನೋಡೋಕೆ ಹೇಗೆ ಪ್ಲ್ಯಾನ್ ಮಾಡಬೇಕು?

ಫೆಬ್ರುವರಿಯಲ್ಲಿ ಹೊರಟಿದ್ದೀರಿ, ಕೈಯಲ್ಲಿ ನಾಲ್ಕು ದಿನ ಇದೆ, ಅಪ್ಪನವರಿಗೆ ಮೊಣಕಾಲು ನೋವು, ಮ್ಯೂಸಿಯಂ ಬಿಟ್ಟರೆ ನಡೆದೀತೇ ಅಂತ ಕೇಳಿದ್ದೀರಿ. ನೋಡುವ ಜಾಗಗಳ ಪಟ್ಟಿ ಆಮೇಲೆ ಮಾಡೋಣ, ಮೊದಲು ಕ್ಯಾಲೆಂಡರ್ ತೆಗೆಯಿರಿ. ದಿಲ್ಲಿ ಪ್ರವಾಸ ಕೆಡುವುದೇ ಸೋಮವಾರದ ದಿನ. ಕೆಂಪು ಕೋಟೆ, ನ್ಯಾಷನಲ್ ಮ್ಯೂಸಿಯಂ, ಪ್ರಧಾನಮಂತ್ರಿ ಸಂಗ್ರಹಾಲಯ, ರಾಷ್ಟ್ರಪತಿ ಭವನದ ಮ್ಯೂಸಿಯಂ, ಅಕ್ಷರಧಾಮ, ಲೋಟಸ್ ಟೆಂಪಲ್ ಎಲ್ಲವೂ ಅವತ್ತು ಬಂದ್. ಶನಿವಾರ ತಲುಪಿ ಮಂಗಳವಾರ ವಾಪಸ್ ಹೊರಡುವವರ ಒಂದು ದಿನ ಹೀಗೇ ಹೋಗುತ್ತದೆ.

ಅದಕ್ಕೆ ನನ್ನ ಸಲಹೆ, ಭಾನುವಾರ ರೈಲು ಹತ್ತಿ. ಹುಬ್ಬಳ್ಳಿ ಮೂಲಕವೇ ಹೋಗುವ ಸಂಪರ್ಕ ಕ್ರಾಂತಿ ವಾರದಲ್ಲಿ ಕೆಲವೇ ದಿನ ಇರುತ್ತದೆ. ಆದರೆ ವಾಸ್ಕೋದಿಂದ ಬರುವ ಗೋವಾ ಎಕ್ಸ್‌ಪ್ರೆಸ್ ದಿನಾಲೂ ಇದೆ. ಭಾನುವಾರ ಸಂಜೆ ಲೋಂಡಾ ಅಥವಾ ಬೆಳಗಾವಿಯಲ್ಲಿ ಹತ್ತಿದರೆ ಮಂಗಳವಾರ ಬೆಳಗ್ಗೆ ಹಜರತ್ ನಿಜಾಮುದ್ದೀನ್‌ನಲ್ಲಿ ಇಳಿಸುತ್ತದೆ. ಮಂಗಳವಾರದಿಂದ ಶುಕ್ರವಾರದವರೆಗೆ ನಾಲ್ಕೂ ದಿನ ಪೂರ್ತಿ ನಿಮ್ಮ ಕೈಗೆ ಸಿಗುತ್ತವೆ, ಶನಿವಾರ ಮಧ್ಯಾಹ್ನ ಅದೇ ರೈಲಿಗೆ ವಾಪಸ್. ಬುಕಿಂಗ್ ತೆರೆಯುವುದು 60 ದಿನ ಮೊದಲು. ಹೋಗುವ ಟಿಕೆಟ್ ತೆಗೆದ ದಿನವೇ ವಾಪಸ್ ಟಿಕೆಟ್ ಸಿಗುವುದಿಲ್ಲ, ಅದು ಆರು ದಿನ ಆದಮೇಲೆ ತೆರೆಯುತ್ತದೆ. ಆ ತಾರೀಖನ್ನೂ ಫೋನಿನಲ್ಲಿ ಹಾಕಿಡಿ. ಇಬ್ಬರಿಗೂ ಲೋವರ್ ಬರ್ತ್ ಬೇಕಲ್ಲ.

ಫೆಬ್ರುವರಿ ಆರಿಸಿದ್ದು ಭಾಳ ಚಲೋ ಆಯಿತು. ಡಿಸೆಂಬರ್-ಜನವರಿಯಲ್ಲಿ ಮಂಜಿನಿಂದ ರೈಲು ತಾಸುಗಟ್ಟಲೆ ತಡವಾಗುತ್ತವೆ, ಜನವರಿ ಕೊನೆಯ ಎರಡು ವಾರ ಪರೇಡ್ ತಯಾರಿಗೆ ಕರ್ತವ್ಯ ಪಥದ ಸುತ್ತ ದಾರಿ ಮುಚ್ಚುತ್ತಿರುತ್ತಾರೆ. ಫೆಬ್ರುವರಿಯಲ್ಲಿ ಸಾಮಾನ್ಯವಾಗಿ ರಾಷ್ಟ್ರಪತಿ ಭವನದ ಅಮೃತ ಉದ್ಯಾನವೂ ತೆರೆದಿರುತ್ತದೆ. ಮುಂಜಾನೆ-ರಾತ್ರಿ ಥಂಡಿ ಇರುತ್ತದೆ, ಸ್ವೆಟರ್ ಬೇಕೇ ಬೇಕು.

ಮಂಗಳವಾರ ಎರಡು ರಾತ್ರಿಯ ಪ್ರಯಾಣದ ದಣಿವು ಇರುತ್ತದೆ. ಮಧ್ಯಾಹ್ನದವರೆಗೆ ಮಲಗಲಿ. ಸಂಜೆ ಇಂಡಿಯಾ ಗೇಟ್, ಅದರ ಬೆನ್ನಿಗೇ ಇರುವ 2019ರ ರಾಷ್ಟ್ರೀಯ ಯುದ್ಧ ಸ್ಮಾರಕ. ಅಷ್ಟು ಸಾಕು.

ಬುಧವಾರವನ್ನು ನ್ಯಾಷನಲ್ ಮ್ಯೂಸಿಯಂಗೆ ಕೊಡಿ, ದಯವಿಟ್ಟು ಬಿಡಬೇಡಿ. ಮೊಣಕಾಲು ನೋವಿದ್ದವರಿಗೆ ಕೋಟೆಗಿಂತ ಇದೇ ಅನುಕೂಲ: ನೆರಳು, ಸಮತಟ್ಟು ನೆಲ. ಎಲ್ಲಾ ಗ್ಯಾಲರಿ ಸುತ್ತಲು ಹೋಗಬೇಡಿ, ಎರಡು ತಾಸಿನಲ್ಲಿ ಕಾಲು ಸೋಲುತ್ತವೆ. ನೇರ ಹರಪ್ಪಾ ಗ್ಯಾಲರಿಗೆ ಹೋಗಿ. ಮೊಹೆಂಜೊದಾರೊದ ನರ್ತಕಿಯ ಕಂಚಿನ ಮೂರ್ತಿ ಅಲ್ಲಿದೆ. ಶಾಲೆಯ ಪುಸ್ತಕದ ಚಿತ್ರ ನೋಡಿ ದೊಡ್ಡದೆಂದುಕೊಂಡವರು ಅದರ ಮುಂದೆಯೇ ಹಾದುಹೋಗುತ್ತಾರೆ, ಎತ್ತರ ಬರೀ 10.5 ಸೆಂ.ಮೀ. ಗಾಜಿಗೆ ಹತ್ತಿರ ನಿಂತು ನೋಡಿ: ಎಡಗೈ ತೋಳಿನವರೆಗೆ ಬಳೆ ತುಂಬಿದೆ, ಬಲಗೈಗೆ ನಾಲ್ಕೇ ನಾಲ್ಕು. ಆಮೇಲೆ ಶಿಲ್ಪಗಳ ಕಡೆ ಬನ್ನಿ, ನಮ್ಮ ಐಹೊಳೆಯ ದುರ್ಗಾ ಗುಡಿಯಿಂದ ಹೋದ ಹಾರುವ ಗಂಧರ್ವ ದಂಪತಿಯ ಶಿಲ್ಪ ಹುಡುಕಿ. ಐಹೊಳೆ ನೋಡಿದ ಅವ್ವನಿಗೆ ಅದನ್ನು ತೋರಿಸಲೇಬೇಕು.

ಅವತ್ತೇ ಮಧ್ಯಾಹ್ನಕ್ಕೆ ರಾಷ್ಟ್ರಪತಿ ಭವನ, ಅಲ್ಲಿಂದ ದೂರವಿಲ್ಲ. ಅದರ ವೆಬ್‌ಸೈಟ್‌ನಲ್ಲಿ ಮುಂಚೆಯೇ ಹೆಸರು, ಗುರುತಿನ ಚೀಟಿಯ ವಿವರ ಕೊಟ್ಟು ಸಮಯ ಕಾಯ್ದಿರಿಸಬೇಕು. ಕೊಟ್ಟ ಗುರುತಿನ ಚೀಟಿಯ ಅಸಲನ್ನೇ ಒಯ್ಯಿರಿ. ಸ್ಲಾಟ್ ಸಿಗದಿದ್ದರೆ ತೀನ್ ಮೂರ್ತಿಯ ಪ್ರಧಾನಮಂತ್ರಿ ಸಂಗ್ರಹಾಲಯಕ್ಕೆ ಹೋಗಿ, ಆದರೆ ಅದಕ್ಕೆ ಮೂರು ತಾಸು ಬೇಕು.

ಗುರುವಾರ ಕೆಂಪು ಕೋಟೆ. ಮೆಟ್ರೋದ ವಾಯ್ಲೆಟ್ ಲೈನ್‌ನಲ್ಲಿ ಲಾಲ್ ಕಿಲಾ ಸ್ಟೇಷನ್. ಟಿಕೆಟ್ ಆನ್‌ಲೈನ್‌ನಲ್ಲಿ ತೆಗೆಯಿರಿ, ಕೌಂಟರಿನ ಸಾಲೂ ತಪ್ಪುತ್ತದೆ, ದರವೂ ತುಸು ಕಡಿಮೆ. ಒಳಗೆ ನಡಿಗೆ ಭಾಳ. ಲಾಹೋರಿ ಗೇಟಿನಿಂದ ದಿವಾನ್-ಎ-ಖಾಸ್‌ವರೆಗೆ ಹೋಗಿ ಬರುವಾಗ, ಬ್ರಿಟಿಷರ ಬ್ಯಾರಕ್‌ಗಳಲ್ಲಿ 2019ರಲ್ಲಿ ಆರಂಭವಾದ ಮ್ಯೂಸಿಯಂಗಳಲ್ಲಿ ನೇತಾಜಿ ಮತ್ತು ಆಜಾದ್ ಹಿಂದ್ ಫೌಜ್‌ನದು ಒಂದನ್ನಾದರೂ ನೋಡಿ. ಕೋಟೆಯ ಮೇಲಿನ ಬಾವುಟ ಕಂಡಾಗ ನಮ್ಮ ಬೆಂಗೇರಿಯಲ್ಲಿ ಖಾದಿ ಧ್ವಜ ಹೊಲಿಯುವವರನ್ನು ಮನೆಯವರಿಗೆ ನೆನಪಿಸಿ. ಎದುರಿನ ಚಾಂದನಿ ಚೌಕದ ಮುಖ್ಯ ರಸ್ತೆಯಲ್ಲಿ ಬೆಳಗ್ಗೆ 9ರಿಂದ ರಾತ್ರಿ 9ರವರೆಗೆ ಆಟೋ, ಕಾರು ಬಿಡುವುದಿಲ್ಲ. ಸೈಕಲ್ ರಿಕ್ಷಾ ಹತ್ತಿಸಿ, ಹತ್ತುವ ಮೊದಲೇ ದರ ಮಾತಾಡಿ.

ಮೆಟ್ರೋ ಬಗ್ಗೆ ಒಂದು ಮಾತು. ಮೊದಲ ಬೋಗಿ ಹೆಂಗಸರಿಗೇ ಮೀಸಲು, ಅವ್ವ ಅದನ್ನು ಹತ್ತಿ ಅಪ್ಪ ಪ್ಲ್ಯಾಟ್‌ಫಾರ್ಮಿನಲ್ಲಿ ಉಳಿಯುವಂತಾಗಬಾರದು. ಎಲ್ಲರೂ ನಡುವಿನ ಬೋಗಿಗೆ ಹೋಗಿ. ಕಾಶ್ಮೀರಿ ಗೇಟ್, ರಾಜೀವ್ ಚೌಕಗಳಲ್ಲಿ ಲೈನ್ ಬದಲಿಸುವಾಗ ಮೆಟ್ಟಿಲಿಗೆ ಹೋಗದೆ ಲಿಫ್ಟ್ ಹುಡುಕಿ. ಬೆಳಗ್ಗೆ ಆಫೀಸಿನ ಗದ್ದಲ ಇಳಿದಮೇಲೆ, 11ರ ಹೊತ್ತಿಗೆ ಹೊರಡಿ.

ಶುಕ್ರವಾರ ಕುತುಬ್ ಮಿನಾರ್, ಸಂಜೆ ಅಕ್ಷರಧಾಮ. 72.5 ಮೀಟರಿನ ಮಿನಾರಿನ ಒಳಗೆ ಹತ್ತಲು 1981ರ ಕಾಲ್ತುಳಿತದ ದುರಂತದ ನಂತರ ಬಿಡುವುದಿಲ್ಲ, ಹಾಗಾಗಿ ಹತ್ತುವ ಚಿಂತೆಯೇ ಇಲ್ಲ. ಹುಮಾಯೂನ್ ಸಮಾಧಿ ಚೆಂದವೇ, ಆದರೆ ಎತ್ತರದ ಮೆಟ್ಟಿಲು. ಅಪ್ಪನವರಿದ್ದಾಗ ನಾನಾದರೆ ಬಿಡುತ್ತೇನೆ. ಆಗ್ರಾವನ್ನು ಈ ನಾಲ್ಕು ದಿನಕ್ಕೆ ಸೇರಿಸಬೇಡಿ, ತಾಜ್ ಶುಕ್ರವಾರ ಬಂದ್ ಬೇರೆ.

ಇಬ್ಬರಿಗೂ ನಮ್ಮ ಕಡೆ ಊಟ ಬೇಕೆನಿಸಿದರೆ ಆರ್.ಕೆ.ಪುರಂ ಸೆಕ್ಟರ್ 12ರ ದೆಹಲಿ ಕರ್ನಾಟಕ ಸಂಘದ ಕ್ಯಾಂಟೀನ್ ಇದೆ. ಪಿಂಕ್ ಲೈನ್‌ನಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಮೋತಿ ಬಾಗ್ ಸ್ಟೇಷನ್‌ನಲ್ಲಿ ಇಳಿಯಿರಿ. ಶುಕ್ರವಾರ ಮಧ್ಯಾಹ್ನ ಕುತುಬ್‌ನಿಂದ ಬರುವಾಗ ಅಲ್ಲಿ ಉಂಡು ಅಕ್ಷರಧಾಮಕ್ಕೆ ಹೋದರೆ ಸರಿಹೋಗುತ್ತದೆ. ಅಕ್ಷರಧಾಮದಲ್ಲಿ ಮೊಬೈಲ್, ಕ್ಯಾಮೆರಾ, ಬ್ಯಾಗ್ ಒಳಗೆ ಬಿಡುವುದಿಲ್ಲ, ಕ್ಲೋಕ್‌ರೂಮಿಗೆ ಉದ್ದ ಸಾಲು. ಫೋನುಗಳನ್ನು ರೂಮಿನಲ್ಲೇ ಇಟ್ಟುಬಂದರೆ ಆ ಸಾಲು ಇಲ್ಲ. ಫೋನ್ ಇಲ್ಲದಾಗ ಒಬ್ಬರಿಗೊಬ್ಬರು ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕು ಅನ್ನುವುದನ್ನು ಗೇಟಿನಲ್ಲೇ ಗೊತ್ತುಮಾಡಿಕೊಂಡು ಒಳಗೆ ಹೋಗಿ.