ಒಲೆ ಇಲ್ಲದೆ ಸುಣ್ಣ ಕುದಿಯುವುದು ಹೇಗೆ?

ಪ್ರಶ್ನೆ: ಕೊಪ್ಪದ ಹತ್ತಿರ ನಮ್ಮದು ಸ್ವಲ್ಪ ಅಡಿಕೆ, ಸ್ವಲ್ಪ ಕಾಫಿ. ಮಳೆ ಹಿಡಿಯುವ ಮೊದಲು ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ಶಿಲೀಂಧ್ರ ರೋಗದ ಔಷಧಿ) ಹೊಡೆಯಲು ಸುಟ್ಟ ಸುಣ್ಣಕ್ಕೆ ನೀರು ಹಾಕಿದೆವು. ಬೆಂಕಿ ಇಲ್ಲ, ಏನಿಲ್ಲ, ಕೊತಕೊತ ಕುದಿಯಿತು. ಅದೇ ವಾರ ಯೂರಿಯಾ ಕರಗಿಸಿದಾಗ ಬಕೆಟ್ ತಣ್ಣಗಾಗಿ ಹೊರಮೈ ಬೆವರಿತು. ಹತ್ತನೇ ಕ್ಲಾಸಿನ ಮಗಳು "ಒಂದು ಬಿಸಿ ಬಿಡುವ ಬಹಿರುಷ್ಣಕ, ಇನ್ನೊಂದು ಬಿಸಿ ಹೀರುವ ಅಂತರುಷ್ಣಕ, ಅಷ್ಟೇ ಅಪ್ಪ" ಅಂದಳು. ಹೆಸರೇನೋ ಗೊತ್ತಾಯಿತು. ಆದರೆ ಸುಣ್ಣದ ಬಿಸಿ ಎಲ್ಲಿಂದ ಬಂತು? ನೀರಿನ ಬಿಸಿ ಎಲ್ಲಿಗೆ ಹೋಯಿತು?

ಉತ್ತರ: ನಿಮ್ಮ ಬಕೆಟ್ಟಿನಲ್ಲಿ ಕುದಿದದ್ದು ಸುಣ್ಣದ ಭಟ್ಟಿಯ ಬೆಂಕಿ. ಭಟ್ಟಿ ಆರಿ ಎಷ್ಟೋ ದಿನವಾಗಿತ್ತು, ಬಿಸಿ ಮಾತ್ರ ಸುಣ್ಣದೊಳಗೆ ಉಳಿದಿತ್ತು.

ಅದು ಹೇಗೆ ಅಂತ ನೋಡೋಣ. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿಗೆ ಕಾಯಿಸಿದರೆ ಅದರೊಳಗಿನ ಕಾರ್ಬನ್ ಡೈಆಕ್ಸೈಡ್ ಬಿಟ್ಟುಹೋಗುತ್ತದೆ. 100 ಗ್ರಾಂ ಶುದ್ಧ ಕಲ್ಲಿಗೆ 56 ಗ್ರಾಂ ಸುಟ್ಟ ಸುಣ್ಣ ಸಿಗುತ್ತದೆ, 44 ಗ್ರಾಂ ಗಾಳಿಗೆ. ಈ ಬೇರ್ಪಡಿಸುವ ಕೆಲಸ ಒಂದಕ್ಕೇ ಸುಮಾರು 178 ಕಿಲೋಜೌಲ್ ಶಾಖ ಬೇಕು. ಒಂದು ಕಿಲೋಜೌಲ್ ಅಂದರೆ ಒಂದು ಲೀಟರ್ ನೀರನ್ನು ಕಾಲು ಡಿಗ್ರಿಯಷ್ಟು ಬಿಸಿ ಮಾಡುವ ಶಾಖ.

ಎರಡು ಅಯಸ್ಕಾಂತ ಅಂಟಿಕೊಂಡಿವೆ ಅಂದುಕೊಳ್ಳಿ. ಎಳೆದು ಬಿಡಿಸಲು ಕೈಗೆ ಬಲ ಬೇಕು. ಹತ್ತಿರ ಬಿಟ್ಟರೆ ಟಪ್ ಎಂದು ತಾವೇ ಕೂಡುತ್ತವೆ. ಅಣುಗಳದ್ದೂ ಹಾಗೆಯೇ. ಬಂಧ ಒಡೆಯಲು ಶಕ್ತಿ ಕೊಡಬೇಕು, ಬಂಧ ಕೂಡುವಾಗ ಶಕ್ತಿ ಹೊರಬರುತ್ತದೆ. ಬಂಧ ಒಡೆದಾಗ ಶಕ್ತಿ ಬಿಡುಗಡೆಯಾಗುತ್ತದೆ ಅಂತ ಪರೀಕ್ಷೆಯಲ್ಲಿ ಎಷ್ಟೋ ಮಕ್ಕಳು ಬರೆಯುತ್ತಾರೆ. ಅದು ತಪ್ಪು, ನಿಮ್ಮ ಮಗಳಿಗೆ ಇದನ್ನು ಖಂಡಿತ ಹೇಳಿ. ಪ್ರತಿ ಕ್ರಿಯೆಯಲ್ಲೂ ಒಡೆಯುವುದೂ ಇದೆ, ಕೂಡುವುದೂ ಇದೆ. ಕೂಡಿದ್ದರಿಂದ ಬಂದದ್ದು ಜಾಸ್ತಿಯಾದರೆ ಬಿಸಿ, ಒಡೆಯಲು ಹೋದದ್ದು ಜಾಸ್ತಿಯಾದರೆ ತಂಪು.

ಈಗ ನಿಮ್ಮ ಬಕೆಟ್ಟಿಗೆ ಬರೋಣ. ಆ 56 ಗ್ರಾಂ ಸುಣ್ಣ ನೀರಿನ ಜೊತೆ ಕೂಡಿ ಅರಳಿದ ಸುಣ್ಣವಾಗುವಾಗ ಸುಮಾರು 65 ಕಿಲೋಜೌಲ್ ಬಿಡುತ್ತದೆ. ಚಿಕ್ಕದು ಅನಿಸುತ್ತದೆ ಅಲ್ವಾ? ಬೋರ್ಡೋಗೆ ನೂರು ಲೀಟರಿಗೆ ಹಾಕುವ ಒಂದು ಕೆಜಿಯ ಲೆಕ್ಕ ಹಾಕಿ. ಸುಣ್ಣ ಶುದ್ಧವಾಗಿದ್ದರೆ ಸುಮಾರು 1,160 ಕಿಲೋಜೌಲ್. ಮೂರೂವರೆ ಲೀಟರ್ ತಣ್ಣೀರನ್ನು ಕುದಿಯುವ ತನಕ ತರಲು ಅಷ್ಟು ಸಾಕು. ನೀವು ಸುಣ್ಣ ಮುಳುಗುವಷ್ಟೇ ನೀರು ಹಾಕಿರುತ್ತೀರಿ, ಕುದಿಯದೆ ಇನ್ನೇನು?

ಹಾಗಾದರೆ ಭಟ್ಟಿ ಕೊಟ್ಟ 178ರಲ್ಲಿ ಉಳಿದ 113 ಎಲ್ಲಿ? ನನಗೆ ಈ ಲೆಕ್ಕದಲ್ಲಿ ಬಹಳ ಇಷ್ಟವಾದ ಜಾಗ ಇದು. ಅದೇ ಸುಣ್ಣವನ್ನು ಗೋಡೆಗೆ ಬಳಿಯಿರಿ. ಅದು ದಿನಗಟ್ಟಲೆ ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು, ನೀರು ಬಿಟ್ಟು, ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ. ಆಗ ಬಿಡುವುದು ಸರಿಯಾಗಿ ಆ 113. ತುಂಬ ನಿಧಾನವಾಗಿ ಬರುವುದರಿಂದ ಗೋಡೆ ಮುಟ್ಟಿದರೆ ಗೊತ್ತಾಗುವುದಿಲ್ಲ. ಯಾವ ದಾರಿಯಲ್ಲಿ ಹೋದರೂ ಒಟ್ಟು ಶಾಖದ ಲೆಕ್ಕ ಒಂದೇ ಎಂದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ ರಸಾಯನ ವಿಜ್ಞಾನಿ ಹೆಸ್ 1840ರಲ್ಲೇ ತೋರಿಸಿದ್ದರು.

ಯೂರಿಯಾದ್ದು ಇದರ ತಿರುಗುಮುರುಗು. ಕಟ್ಟುನಿಟ್ಟಾಗಿ ಹೇಳಿದರೆ ಅದು ರಾಸಾಯನಿಕ ಕ್ರಿಯೆ ಅಲ್ಲ, ಸುಮ್ನೆ ಕರಗುವುದು. ಆದರೂ ಲೆಕ್ಕದ ರೀತಿ ಅದೇ. ಹರಳಿನಲ್ಲಿ ಒತ್ತಾಗಿ ಕೂತ ಅಣುಗಳನ್ನು ಬಿಡಿಸಲು ಹೋಗುವ ಶಕ್ತಿ, ಅವು ನೀರಿನ ಜೊತೆ ಕೂಡುವಾಗ ಬರುವುದಕ್ಕಿಂತ ಜಾಸ್ತಿ. ಆ ಕೊರತೆಯನ್ನು ತುಂಬುವುದು ನೀರಿನಲ್ಲಿದ್ದ ಬಿಸಿಯೇ. ಒಂದು ಲೀಟರಿಗೆ 100 ಗ್ರಾಂ ಹಾಕಿ ಕಲಕಿದರೆ ಸುಮಾರು 5 ಡಿಗ್ರಿ ಇಳಿಯುತ್ತದೆ. ಹೋದ ಬಿಸಿ ಕಳೆದುಹೋಗಿಲ್ಲ. ನೀರು ಆರಿ ಯೂರಿಯಾ ಮತ್ತೆ ಹರಳುಗಟ್ಟುವಾಗ ಹೊರಗೆ ಬರುತ್ತದೆ. ಮನೆಯಲ್ಲಿ ಥರ್ಮಾಮೀಟರ್ ಇದ್ದರೆ ಮಗಳ ಜೊತೆ ಕೂತು ಅಳೆದು ನೋಡಿ. ಜ್ವರ ನೋಡುವುದು ಬೇಡ, ಶಾಲೆಯ ಲ್ಯಾಬಿನದ್ದು ಬೇಕು.

ಸುಣ್ಣದ ಪ್ರಯೋಗವನ್ನು ಮಾತ್ರ ಅವಳ ಕೈಗೆ ಕೊಡಬೇಡಿ. ಸುಣ್ಣ ಸಿಡಿದು ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಬಿಸಿಯೂ ಸುಡುತ್ತದೆ, ಕ್ಷಾರವೂ ಸುಡುತ್ತದೆ. ಕನ್ನಡಕ, ಗ್ಲೌಸ್ ಹಾಕಿ, ಮುಖ ದೂರ ಇಟ್ಟು, ಸುಣ್ಣವನ್ನು ಸ್ವಲ್ಪ ಸ್ವಲ್ಪವೇ ನೀರಿಗೆ ಬಿಡಿ. ಅಪ್ಪಿತಪ್ಪಿ ಕಣ್ಣಿಗೆ ಬಿದ್ದರೆ ತಕ್ಷಣ ಇಪ್ಪತ್ತು ನಿಮಿಷವಾದರೂ ಹರಿಯುವ ನೀರಲ್ಲಿ ತೊಳೆದು ಆಸ್ಪತ್ರೆಗೆ ಓಡಿ.

ಇನ್ನೊಂದು ವಿಷಯ ಬೋರ್ಡೋದ್ದು. ಸುಣ್ಣದ ಹಾಲು ಪೂರ್ತಿ ತಣ್ಣಗಾಗುವ ತನಕ ಮೈಲುತುತ್ತದ (ಕಾಪರ್ ಸಲ್ಫೇಟ್) ನೀರಿನ ಜೊತೆ ಬೆರೆಸಬೇಡಿ. ಬಿಸಿ ಇರುವಾಗಲೇ ಬೆರೆಸಿದರೆ ಕಣಗಳು ದಪ್ಪವಾಗುತ್ತವೆ, ಬೇಗ ತಳಕ್ಕೆ ಕೂರುತ್ತವೆ, ಗೊನೆಗೆ ಸರಿಯಾಗಿ ಅಂಟುವುದಿಲ್ಲ. ಹಿಂದಿನ ಸಂಜೆಯೇ ಸುಣ್ಣ ಅರಳಿಸಿ ಇಟ್ಟರೆ ಬೆಳಗ್ಗೆ ಈ ತೊಂದರೆ ಇರುವುದಿಲ್ಲ.