ಮೈಕಟ್ಟು ಚಿಕ್ಕದು ಅಂತ ಹಗುರ ಕೋವಿ ಕೊಡಿಸಬೇಡಿ

ಮೇಡಂ, ಆ ಕೋವಿಗೆ ಇನ್ನೂ ದುಡ್ಡು ಕಟ್ಟಿಲ್ಲ ಅಂದರೆ ದಯವಿಟ್ಟು ಒಂದು ವಾರ ತಡೆಯಿರಿ. ಮಗಳು ಇಲ್ಲಿ ಅಮೆರಿಕದಲ್ಲಿ ಏಳನೇ ಗ್ರೇಡು, 4 ಅಡಿ 11 ಇಂಚು, ಶಾಲೆಯ ಟ್ರ್ಯಾಪ್ ಟೀಮಿಗೆ (ಹಾರುವ ಕ್ಲೇ ಬಿಲ್ಲೆಗಳನ್ನು ಕೋವಿಯಿಂದ ಒಡೆಯುವ ಆಟ) ಹೊಸದಾಗಿ ಸೇರಿದ್ದಾಳೆ, ಅಂಗಡಿಯವರು ಮಕ್ಕಳಿಗೆಂದೇ ಮಾಡಿದ 20 ಗೇಜಿನ ಪಂಪ್ ಕೋವಿ ತೋರಿಸಿದರು, 6 ಪೌಂಡಷ್ಟೇ ತೂಕ, ಅವಳಿಗೆ ಸಲೀಸು ಅಂತ ಈ ಗುಂಪಿನಲ್ಲಿ ಬರೆದಿದ್ದೀರಿ. ಓದಿ ಸುಮ್ಮನಿರಲು ಆಗಲಿಲ್ಲ. ನನ್ನ ಮಗಳಿಗೂ ಹೆಚ್ಚುಕಮ್ಮಿ ಇಂಥದ್ದೇ ಕೋವಿ ಕೊಡಿಸಿದ್ದೆ. ಅದರಿಂದ ಅವಳಿಗೆ ಅಂಟಿದ ಚಾಳಿ ಬಿಡಿಸುವುದಕ್ಕೆ ಪೂರ್ತಿ ಒಂದು ಸೀಸನ್ ಹಿಡಿಯಿತು.

ಅಂಗಡಿಯಲ್ಲಿ ಎತ್ತಿ ನೋಡುವಾಗ ಹಗುರ ಕೋವಿ ಎಲ್ಲರಿಗೂ ಹಿಡಿಸುತ್ತದೆ. ಹೊಡೆದಾಗ ಗೊತ್ತಾಗುತ್ತದೆ. ಈಡು ಹೊಡೆದಾಗ ಕೋವಿ ಹಿಂದಕ್ಕೆ ಒದೆಯುತ್ತದೆ, ಆ ಒದೆತವನ್ನು ತಿನ್ನುವುದು ಕೋವಿಯ ತೂಕ. ತೂಕ ಕಡಿಮೆ ಮಾಡಿದಷ್ಟೂ ಆ ಒದೆತ ಭುಜಕ್ಕೆ ಬರುತ್ತದೆ. ಲೆಕ್ಕ ನೋಡಿ. ಗೇಜ್ ಅಂದರೆ ನಳಿಗೆಯ ಅಗಲ, ಅಂಕಿ ಕಡಿಮೆಯಾದಷ್ಟೂ ಅಗಲ ಜಾಸ್ತಿ. 20 ಗೇಜಿನ, 7/8 ಔನ್ಸ್ ಚರೆ ತುಂಬಿದ ಶೆಲ್ (ತೋಟಾ), ಸೆಕೆಂಡಿಗೆ 1200 ಅಡಿ ವೇಗದ್ದು, 6 ಪೌಂಡಿನ ಕೋವಿಯಲ್ಲಿ ಸುಮಾರು 17 ಫುಟ್-ಪೌಂಡ್ ಒದೆಯುತ್ತದೆ. ಅದೇ 7/8 ಔನ್ಸನ್ನು ಅದೇ ವೇಗದಲ್ಲಿ 8 ಪೌಂಡಿನ 12 ಗೇಜಿನಲ್ಲಿ ಹೊಡೆದರೆ ಸುಮಾರು 13. ಅಂದರೆ "ದೊಡ್ಡ" ಕೋವಿಯ ಒದೆತವೇ ಕಡಿಮೆ! ಆದರೆ ಆ 12 ಗೇಜಿಗೆ 1 1/8 ಔನ್ಸಿನ ಶೆಲ್ ಹಾಕಿದರೆ 20ಕ್ಕೆ ಏರುತ್ತದೆ. ಜನ 12 ಗೇಜ್ ಅಂದರೆ ಹೆದರುವುದು ಇದಕ್ಕೇ. ಗೇಜ್ ನೋಡಿ ಹೆದರುತ್ತಾರೆ, ಶೆಲ್ ಡಬ್ಬದ ಮೇಲೆ ಬರೆದದ್ದನ್ನು ಓದುವುದಿಲ್ಲ.

ನಮ್ಮ ಮನೆಯಲ್ಲಿ ಆದದ್ದು ಹೀಗೆ. ಮೊದಮೊದಲು ಮಗಳು ಚೆನ್ನಾಗಿಯೇ ಹೊಡೆಯುತ್ತಿದ್ದಳು. ಬರಬರುತ್ತಾ ಸ್ಕೋರ್ ಇಳಿಯಿತು. ಭುಜ ನೀಲಿಗಟ್ಟಿದ್ದನ್ನು ಟೀ ಶರ್ಟಿನ ತೋಳಿನಲ್ಲಿ ಮುಚ್ಚಿಕೊಂಡಿದ್ದಳು, ನಮಗೆ ಹೇಳಲಿಲ್ಲ. ಗುರಿ ಹಿಡಿಯುವುದರಲ್ಲೇ ಏನೋ ತಪ್ಪಿದೆ ಅಂದುಕೊಂಡೆವು. ಕೋಚ್ ಒಂದು ಸಂಜೆ ಅವಳಿಗೆ ಗೊತ್ತಾಗದ ಹಾಗೆ ಒಂದು ಡಮ್ಮಿ ಶೆಲ್ ತುಂಬಿ ಕೊಟ್ಟರು. ಅವಳು "ಪುಲ್" ಅಂದಳು, ಕ್ಲೇ ಹಾರಿತು, ಟ್ರಿಗರ್ ಒತ್ತಿದಳು. ಟಕ್ ಅಂತ ಬರೀ ಸದ್ದು. ಆದರೆ ನಳಿಗೆಯ ತುದಿ ಒಂದು ಗೇಣು ಕೆಳಗೆ ಕುಕ್ಕಿತು, ಬಲಭುಜ ಮುಂದಕ್ಕೆ ನುಗ್ಗಿತು, ಎರಡೂ ಕಣ್ಣು ಬಿಗಿಯಾಗಿ ಮುಚ್ಚಿದ್ದವು. ಈಡೇ ಆಗಿಲ್ಲ, ಮೈ ಮಾತ್ರ ಏಟಿಗೆ ಸಿದ್ಧವಾಗಿಬಿಟ್ಟಿತ್ತು. ಇದೇ ಫ್ಲಿಂಚ್. ಒಮ್ಮೆ ಅಂಟಿದರೆ ಬುದ್ಧಿ ಹೇಳಿ ಬಿಡಿಸಲು ಬರುವುದಿಲ್ಲ. ಮೈ ಕಲಿತದ್ದನ್ನು ಮೈಯೇ ಮರೆಯಬೇಕು. ಮಕ್ಕಳು ನೋವನ್ನು ಹೇಳುವುದಿಲ್ಲ, ಟೀಮಿನಿಂದ ತೆಗೆದುಬಿಡುತ್ತಾರೆ ಅಂತ ಭಯ. ನೀವೇ ಪ್ರಾಕ್ಟೀಸ್ ಆದ ಮೇಲೆ ಭುಜ ನೋಡಿ.

ನಿಮ್ಮ ಪೋಸ್ಟಿಗೆ ಉತ್ತರವಾಗಿ ಒಬ್ಬರು "ಹಾಗಾದರೆ ಫೋರ್ ಟೆನ್ ಕೊಡಿಸಿ, ಒದೆಯೋದೇ ಇಲ್ಲ" ಅಂದಿದ್ದಾರೆ. ಫೋರ್ ಟೆನ್ ಅಂದರೆ 20 ಗೇಜಿಗಿಂತಲೂ ಸಣ್ಣ ನಳಿಗೆಯ ಕೋವಿ. ಸರ್, ದಯವಿಟ್ಟು ಇಂಥ ಸಲಹೆ ಹೊಸಬರಿಗೆ ಕೊಡಬೇಡಿ. ಫೋರ್ ಟೆನ್‌ನ ಟಾರ್ಗೆಟ್ ಶೆಲ್ಲಿನಲ್ಲಿ ಇರುವುದೇ ಅರ್ಧ ಔನ್ಸ್ ಚರೆ. ಟ್ರ್ಯಾಪ್‌ನಲ್ಲಿ ಕ್ಲೇ ಹಾರಿಸುವ ಯಂತ್ರದಿಂದ 16 ಗಜ ಹಿಂದಿನ ಸಾಲಿನಲ್ಲಿ ನಿಂತು ಹೊಡೆಯುವ ಹೊತ್ತಿಗೆ ಕ್ಲೇ 30 ಗಜ ದಾಟಿರುತ್ತದೆ. ಆ ದೂರಕ್ಕೆ ಅಷ್ಟು ಚರೆ ಸಾಲದು. ಮಗು ಸರಿಯಾಗಿ ಹೊಡೆದರೂ ಕ್ಲೇ ಒಡೆಯದೆ ಹೋಗುತ್ತದೆ. ತನಗೆ ಬರುವುದೇ ಇಲ್ಲ ಅಂದುಕೊಂಡು ಬಿಟ್ಟುಬಿಡುತ್ತದೆ. ಅದು ಪಳಗಿದವರ ಕೋವಿ.

ಈಗ ಮುಖ್ಯ ವಿಷಯ. ಚಿಕ್ಕ ಮೈಕಟ್ಟಿಗೆ ಬೇಕಾದದ್ದು ಗಿಡ್ಡ ಸ್ಟಾಕ್ (ಭುಜಕ್ಕೆ ಆನಿಸುವ ಹಿಂಭಾಗ), ಹಗುರ ಕೋವಿ ಅಲ್ಲ. ಇವೆರಡನ್ನೂ ಅಂಗಡಿಯವರು ಒಂದೇ ಅನ್ನುವ ಹಾಗೆ ಮಾರುತ್ತಾರೆ. ದೊಡ್ಡವರ ಟ್ರ್ಯಾಪ್ ಕೋವಿಯ ಲೆಂತ್ ಆಫ್ ಪುಲ್, ಅಂದರೆ ಟ್ರಿಗರಿನಿಂದ ಸ್ಟಾಕಿನ ತುದಿಯವರೆಗಿನ ಉದ್ದ, ಸಾಮಾನ್ಯವಾಗಿ 14 1/2 ಇಂಚಿನ ಆಸುಪಾಸು. ನಿಮ್ಮ ಮಗಳ ಎತ್ತರಕ್ಕೆ 13 ಅಥವಾ ಅದಕ್ಕಿಂತ ಸ್ವಲ್ಪ ಕಡಿಮೆ ಬೇಕಾದೀತು. ಮೊಣಕೈ ಮಡಚಿ ಸ್ಟಾಕನ್ನು ತೋಳಿಗೆ ಹಿಡಿದು ಅಳೆಯುವ ಹಳೇ ಪದ್ಧತಿ ನಂಬಬೇಡಿ. ಅದರಿಂದ ತೋಳಿನ ಉದ್ದ ಗೊತ್ತಾಗುತ್ತದೆ ಅಷ್ಟೇ, ಕತ್ತು, ಕೆನ್ನೆ, ಎದೆ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಖಾಲಿ ಕೋವಿಯನ್ನು ಭುಜಕ್ಕೇರಿಸಿ, ಕೆನ್ನೆ ಇಟ್ಟು ನಿಲ್ಲಲು ಹೇಳಿ. ಹಿಡಿ ಹಿಡಿದ ಕೈಯ ಹೆಬ್ಬೆರಳಿನ ಬುಡಕ್ಕೂ ಮೂಗಿಗೂ ನಡುವೆ ಎರಡು ಬೆರಳಷ್ಟು ಜಾಗ ಇರಬೇಕು. ಅದಕ್ಕಿಂತ ಕಡಿಮೆ ಆದರೆ ಹೆಬ್ಬೆರಳು ಮೂಗಿಗೆ ಗುದ್ದುತ್ತದೆ. ಜಾಸ್ತಿ ಆದರೆ ಸ್ಟಾಕ್ ಉದ್ದ ಆಯಿತು ಅಂತ ಅರ್ಥ.

ಇನ್ನೊಂದು ಗುರುತು ದೂರದಿಂದಲೇ ಕಾಣುತ್ತದೆ. ಪಕ್ಕದಿಂದ ನೋಡಿ. ಅವಳು ಸೊಂಟದಿಂದ ಹಿಂದಕ್ಕೆ ಬಾಗಿ, ಹೊಟ್ಟೆ ಮುಂದೆ ತಳ್ಳಿ ನಿಂತಿದ್ದರೆ ಸ್ಟಾಕ್ ಉದ್ದ ಅಥವಾ ನಳಿಗೆ ಭಾರ. ಮುಂದಿನ ಭಾರ ತೂಗಿಸಲು ಮೈ ಹಿಂದೆ ಹೋಗುತ್ತದೆ. ಆ ನಿಲುವಿನಲ್ಲಿ ಒದೆತ ನೇರ ಭುಜಕ್ಕೆ, ಸೊಂಟಕ್ಕೆ. "ಮುಂದಕ್ಕೆ ಬಾಗು, ಮುಂದಕ್ಕೆ ಬಾಗು" ಅಂತ ಮಗುವನ್ನು ಗದರುವ ಅಪ್ಪಂದಿರನ್ನು ಪ್ರತಿ ಸೀಸನ್ ನೋಡುತ್ತೇನೆ. ಕೋವಿ ಅಳತೆಗೆ ಬಂದರೆ ಅವಳು ತಾನಾಗಿಯೇ ಮುಂದಕ್ಕೆ ನಿಲ್ಲುತ್ತಾಳೆ, ಗದರಬೇಕಿಲ್ಲ. "ಬೆಳೆಯೋ ಮಗು, ದೊಡ್ಡದೇ ತಗೊಳ್ಳಿ" ಅನ್ನುವವರಿಗೂ ಇದೇ ಉತ್ತರ. ಬೆಳೆಯುವ ತನಕ ಅವಳು ತಪ್ಪು ನಿಲುವನ್ನೇ ರೂಢಿ ಮಾಡಿಕೊಳ್ಳುತ್ತಾಳೆ.

ಹಾಗಾಗಿ ನನ್ನ ದಾರಿ: ಸಾದಾ ಮರದ ಸ್ಟಾಕಿನ, ಒಳ್ಳೆಯ ಸ್ಥಿತಿಯ ಸೆಕೆಂಡ್ ಹ್ಯಾಂಡ್ 12 ಗೇಜ್ ತಗೊಂಡು ಗನ್‌ಸ್ಮಿತ್ ಹತ್ತಿರ ಸ್ಟಾಕ್ ಕತ್ತರಿಸಿಸುವುದು. ಕತ್ತರಿಸಿದ ತುಂಡನ್ನು ಬಿಸಾಡಬೇಡಿ, ಕೇಳಿ ತಗೊಳ್ಳಿ. ಅವಳು ಎತ್ತರ ಆದ ಹಾಗೆ ಸ್ಟಾಕಿನ ತುದಿಯ ಮೆತ್ತನೆ ಪ್ಯಾಡ್ ಒಳಗೆ ಕಾಲು ಇಂಚು, ಅರ್ಧ ಇಂಚಿನ ಸ್ಪೇಸರ್ ತುಂಡು ಸೇರಿಸುತ್ತಾ ಹೋಗಬಹುದು. ಕೊನೆಗೆ ಆ ತುಂಡನ್ನೇ ವಾಪಸ್ ಕೂರಿಸಿ ಮಾರಬಹುದು. ಆದರೆ ಒಂದು ಎಚ್ಚರಿಕೆ. ಕೋಂಬ್, ಅಂದರೆ ಕೆನ್ನೆ ಆನಿಸುವ ಮೇಲಂಚು, ಹಿಂದಕ್ಕೆ ಇಳಿಜಾರಾಗಿರುವ ಸ್ಟಾಕ್ ಕತ್ತರಿಸಿದರೆ ಕೆನ್ನೆ ಕೂರುವ ಜಾಗ ಬದಲಾಗುತ್ತದೆ, ಕಣ್ಣಿನ ಎತ್ತರವೂ ಬದಲಾಗುತ್ತದೆ. ನೇರ ಕೋಂಬ್ ಇದ್ದರೆ ಈ ತಾಪತ್ರಯ ಇಲ್ಲ. ಅಡ್ಜಸ್ಟಬಲ್ ಕೋಂಬ್ ಇದ್ದರೆ ಇನ್ನೂ ಒಳ್ಳೆಯದು. ಕತ್ತರಿಸುವಾಗಲೇ ಪಿಚ್, ಅಂದರೆ ಸ್ಟಾಕಿನ ಹಿಂತುದಿಯ ಕೋನ, ನೋಡಲು ಹೇಳಿ. ಹೆಣ್ಣುಮಕ್ಕಳಿಗೆ ಪ್ಯಾಡಿನ ಕೆಳಮೂಲೆ ಎದೆಗೆ ಚುಚ್ಚುವುದು ಪಿಚ್ ತಪ್ಪಿದ್ದರಿಂದಲೇ, ಅವರು ನಾಚಿಕೆಗೆ ಬಾಯಿ ಬಿಡುವುದಿಲ್ಲ. ತಾಯಿಯಾಗಿ ನೀವೇ ಕೇಳಿ. ಒಳ್ಳೆಯ ಮೆತ್ತನೆ ಪ್ಯಾಡ್ ಹಾಕಿಸಿ, ಕಿಕ್-ಈಜ್ ಆಗಲಿ ಲಿಂಬ್‌ಸೇವರ್ ಆಗಲಿ. ಕೋವಿಗೆ ಹಾಕುವ ದುಡ್ಡಿನಲ್ಲಿ ಇಷ್ಟು ಲಾಭ ಕೊಡುವ ಖರ್ಚು ಬೇರೆ ಇಲ್ಲ.

ಕತ್ತರಿಸುವ ಗೋಜು ಬೇಡ ಅಂದರೆ ಬ್ರೌನಿಂಗ್ ಬಿಟಿ-99 ಮೈಕ್ರೋ ನೋಡಿ. ಒಂಟಿ ನಳಿಗೆ, ಮಡಚಿ ತೆರೆಯುವ ಕೋವಿ, ತೂಕ 8 ಪೌಂಡಿನ ಹತ್ತಿರ, ಸ್ಟಾಕ್ 13 3/4 ಇಂಚು. ನಿಮ್ಮ ಮಗಳಿಗೆ ಅದೂ ಸ್ವಲ್ಪ ಉದ್ದವೇ, ತೆಳು ಪ್ಯಾಡ್ ಹಾಕಿಸಬೇಕಾಗಬಹುದು. ನಾವು ಕೊನೆಗೆ ತಗೊಂಡದ್ದು ಅದನ್ನೇ. ಒಂದೇ ಶೆಲ್ ತುಂಬುವುದರಿಂದ ಹೊಸಬರಿಗೆ ಸುರಕ್ಷಿತ. ತೆರೆದಿದ್ದರೆ ಸಾಲಿನಲ್ಲಿ ನಿಂತ ಎಲ್ಲರಿಗೂ ಕಾಣುತ್ತದೆ. ಭಾರ ಆಗುತ್ತದಾ ಅಂದರೆ, ಐದು ಜನರ ಸ್ಕ್ವಾಡಿನಲ್ಲಿ ಒಂದು ಈಡು ಹೊಡೆದರೆ ಉಳಿದ ನಾಲ್ವರು ಹೊಡೆಯುವ ತನಕ ಬಿಡುವು ಇರುತ್ತದೆ. ಶೂ ಮೇಲೆ ಟೋ ಪ್ಯಾಡ್ ಕಟ್ಟಿಕೊಂಡು, ಕೋವಿ ತೆರೆದು ಖಾಲಿ ಮಾಡಿ ನಳಿಗೆಯ ತುದಿ ಅದರ ಮೇಲೆ ಊರಿ ನಿಂತರೆ ತೋಳಿಗೆ ವಿಶ್ರಾಂತಿ.

ಅದೂ ಭಾರವೇ ಆಗುವುದಾದರೆ ಗ್ಯಾಸ್ ಆಟೋ, ಅಂದರೆ ಈಡಿನ ಗ್ಯಾಸಿನ ಬಲದಿಂದ ತಾನೇ ಮುಂದಿನ ಶೆಲ್ ಏರಿಸುವ ಕೋವಿ, ನೋಡಿ. ಬೆರೆಟಾ ಎ300 ನನಗೆ ಇಷ್ಟ. ಸ್ಟಾಕ್ ಏರಿಸಿ ಇಳಿಸುವ ತೆಳು ತುಂಡುಗಳು (ಶಿಮ್) ಜೊತೆಗೇ ಬರುತ್ತವೆ. ರೆಮಿಂಗ್ಟನ್ 1100 ಹಳೆಯದು ಸಿಕ್ಕರೂ ಸೈ, ಅದರ ಒದೆತ ಮೆತ್ತಗೆ. ಗ್ಯಾಸ್ ಕೋವಿ ಒದೆತವನ್ನು ಸ್ವಲ್ಪ ಹೊತ್ತಿಗೆ ಹಂಚುತ್ತದೆ, ಒಮ್ಮೆಲೇ ಗುದ್ದುವುದಿಲ್ಲ. ಆದರೆ ಖಾಲಿ ಶೆಲ್ ಬಲಕ್ಕೆ ಹಾರಿ ಪಕ್ಕದವರ ತೋಳಿಗೆ ಬಡಿಯುತ್ತದೆ, ಶೆಲ್ ಕ್ಯಾಚರ್ ಹಾಕಿಸಲೇಬೇಕು. ಮತ್ತೆ, ಗ್ಯಾಸ್ ಕೋವಿಯನ್ನು ಒರೆಸಿ ಶುಚಿ ಮಾಡುವ ಮನೆಯವರಿಗೆ ಮಾತ್ರ ಇದು ಸರಿ. ಬೆನೆಲ್ಲಿ ಒಳ್ಳೆಯ ಕೋವಿಯೇ, ಆದರೆ ಇನರ್ಷಿಯಾದ್ದು, ಅಂದರೆ ಒದೆತದ ಬಲದಿಂದಲೇ ಓಡುವಂಥದ್ದು. ಹಗುರ ಶೆಲ್ಲಿಗೆ ಕೆಲವೊಮ್ಮೆ ಓಡುವುದಿಲ್ಲ, ಒದೆತವೂ ಗ್ಯಾಸಿಗಿಂತ ಜೋರು. ಈ ಕೆಲಸಕ್ಕೆ ಬೇಡ. ಸೈರೆನ್‌ನವರು ಹೆಂಗಸರ ಅಳತೆಗೇ ಮಾಡುತ್ತಾರೆ, ಇಟಲಿಯ ಕೆಲಸ, ತುಂಬಾ ಚೆನ್ನಾಗಿದೆ. ಆದರೆ ಏಳನೇ ಗ್ರೇಡಿನ ಮಗುವಿಗೆ ಅಷ್ಟು ದುಡ್ಡು ಈಗಲೇ ಹಾಕಬೇಡಿ. ಮುಂದುವರಿಸುತ್ತಾಳಾ ನೋಡಿ.

ಶೆಲ್: 12 ಗೇಜ್, 7/8 ಔನ್ಸ್, 1200 ಅಡಿ ಅಥವಾ ಕಡಿಮೆ, ಎಂಟನೇ ನಂಬರ್ ಚರೆ. ಬೇರೆ ಏನೂ ಬೇಡ. ಡಬ್ಬದ ಮೇಲೆ "ಹ್ಯಾಂಡಿಕ್ಯಾಪ್" ಅಂತ ಇದ್ದರೆ ಮುಟ್ಟಬೇಡಿ, ಅವು ಜೋರಿನವು. ಅಗ್ಗಕ್ಕೆ ಸಿಕ್ಕಿತು ಅಂತ ಹಕ್ಕಿ ಹೊಡೆಯುವ 1 1/8 ಔನ್ಸಿನ ಡಬ್ಬ ತಂದುಕೊಟ್ಟ ಅಪ್ಪಂದಿರನ್ನು ನೋಡಿದ್ದೇನೆ. ನಾಲ್ಕು ಕಾಸು ಉಳಿಸಲು ಹೋಗಿ ಮಗುವಿಗೆ ಫ್ಲಿಂಚ್ ಕೊಡಿಸುವುದು ಯಾವ ನ್ಯಾಯ? 7/8 ಔನ್ಸಿಗೆ ಕ್ಲೇ ಒಡೆಯುತ್ತದಾ ಅನ್ನುವವರಿಗೆ: ಒಲಿಂಪಿಕ್ ಟ್ರ್ಯಾಪ್‌ನಲ್ಲಿ ಮಿತಿಯೇ 24 ಗ್ರಾಂ, ಅಂದರೆ 7/8 ಔನ್ಸಿಗಿಂತ ಒಂದು ಚೂರು ಕಡಿಮೆ. ಕ್ಲೇ ಇನ್ನೂ ಜೋರಾಗಿ ಹಾರುತ್ತದೆ. 2024ರ ಪ್ಯಾರಿಸ್‌ನಲ್ಲಿ ಗ್ವಾಟೆಮಾಲಾದ ಅಡ್ರಿಯಾನಾ ರುವಾನೋ ಫೈನಲ್ಲಿನಲ್ಲಿ 50ಕ್ಕೆ 45 ಹೊಡೆದು ಚಿನ್ನ ಗೆದ್ದದ್ದು ಅಂಥ ಶೆಲ್ಲಿನಲ್ಲೇ. ಆಕೆ ಮೊದಲು ಜಿಮ್ನಾಸ್ಟ್ ಆಗಿದ್ದವರು, ಬೆನ್ನಿಗೆ ಪೆಟ್ಟಾದ ಮೇಲೆ ಕೋವಿ ಹಿಡಿದವರು. ನಿಮ್ಮ ಮಗಳಿಗೆ ಆ ಫೈನಲ್ ತೋರಿಸಿ.

ಕೋವಿಗಿಂತ ಮೊದಲು ಮಾಡಬೇಕಾದ ಕೆಲಸ ಒಂದಿದೆ, ಕಣ್ಣು. ಎರಡೂ ಅಂಗೈ ಮುಂದೆ ಚಾಚಿ, ನಡುವೆ ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು ಅದರೊಳಗಿಂದ ನಿಮ್ಮ ಮೂಗು ನೋಡಲು ಹೇಳಿ. ಕಿಂಡಿಯಲ್ಲಿ ನಿಮಗೆ ಅವಳ ಯಾವ ಕಣ್ಣು ಕಾಣುತ್ತದೋ ಅದೇ ಪ್ರಬಲ ಕಣ್ಣು. ಬಲಗೈ ಹುಡುಗಿಗೆ ಎಡಗಣ್ಣು ಪ್ರಬಲವಾಗಿದ್ದರೆ ಈಗಲೇ ಎಡಭುಜದಲ್ಲಿ ಕಲಿಸುವುದು ಒಳ್ಳೆಯದು. ಇನ್ನೂ ರೂಢಿ ಆಗಿಲ್ಲವಲ್ಲ, ಸುಲಭ. ಎಡಭುಜಕ್ಕೆ ಕೋವಿಯ ಆಯ್ಕೆಯೇ ಬೇರೆ. ಸ್ಟಾಕಿನ ಓರೆ ಬೇರೆ, ಆಟೋ ಆದರೆ ಶೆಲ್ ಮುಖದ ಮುಂದೆ ಹಾರುತ್ತದೆ. ಬದಲಿಸಲು ಒಪ್ಪದಿದ್ದರೆ ಕನ್ನಡಕದ ಎಡ ಗಾಜಿನ ಮೇಲೆ ಮಬ್ಬು ಟೇಪಿನ ಒಂದು ಸಣ್ಣ ಚುಕ್ಕೆ ಅಂಟಿಸಿ. ಕೋಚ್ ಪಕ್ಕದಲ್ಲಿದ್ದು ಜಾಗ ಗುರುತಿಸಲಿ.

ಮಲೆನಾಡಿನ ಕಡೆಯವರು ಗುಂಪಿನಲ್ಲಿ ಜಾಸ್ತಿ ಇದ್ದೀರಿ, ನಾನೂ ಆ ಕಡೆಯವನೇ. ಊರಿನ ತೋಟದ ಮನೆಯ ಜೋಡು ನಳಿಗೆ ಕೋವಿಯಲ್ಲಿ ಹೊಡೆದ ಅನುಭವ ಇಲ್ಲಿ ಪೂರ್ತಿ ನಡೆಯುವುದಿಲ್ಲ. ಆ ಕೋವಿಯ ಕೋಂಬ್ ತಗ್ಗು, ನೇರ ಗುರಿಗೆ ಮಾಡಿದ್ದು. ಟ್ರ್ಯಾಪ್‌ನಲ್ಲಿ ಕ್ಲೇ ಏರುತ್ತಾ ಹೋಗುತ್ತದೆ. ಅದಕ್ಕೇ ಟ್ರ್ಯಾಪ್ ಕೋವಿ ಚರೆಯನ್ನು ಗುರಿಗಿಂತ ತುಸು ಮೇಲೆ ಹಾಕುವ ಹಾಗೆ ಮಾಡಿರುತ್ತಾರೆ. ರಿಬ್ಬಿನ, ಅಂದರೆ ನಳಿಗೆಯ ಮೇಲಿನ ಪಟ್ಟಿಯ, ಉದ್ದ ಸ್ವಲ್ಪ ಕಾಣಿಸಿದರೆ ಗಾಬರಿ ಬೇಡ.

ಇನ್ನು ಕಾಗದಪತ್ರ. ಇದನ್ನು ಯಾರೂ ಹೇಳುವುದಿಲ್ಲ. ಎಚ್-1ಬಿ, ಎಚ್-4 ಥರದ ತಾತ್ಕಾಲಿಕ ವೀಸಾದಲ್ಲಿ ಇರುವವರು ಕೋವಿ, ಶೆಲ್ ಇಟ್ಟುಕೊಳ್ಳುವುದಕ್ಕೆ ಅಮೆರಿಕದ ಫೆಡರಲ್ ಕಾನೂನಿನಲ್ಲಿ ತಡೆ ಇದೆ. ಕೆಲವು ವಿನಾಯಿತಿಗಳಿವೆ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇರುವುದು ಅದರಲ್ಲಿ ಒಂದು. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ನಿಮ್ಮದು ಯಾವ ಸ್ಟೇಟಸ್ ಅಂತ ನೀವು ಬರೆದಿಲ್ಲ, ಇಲ್ಲಿ ಬರೆಯುವುದೂ ಬೇಡ. ಆದರೆ ಅಂಗಡಿಯಲ್ಲಿ ಫಾರ್ಮ್ ತುಂಬುವ ಮೊದಲು ಇಮಿಗ್ರೇಷನ್ ವಕೀಲರನ್ನು ಒಮ್ಮೆ ಕೇಳಿ. ಮಗಳ ವೀಸಾ ವಿಷಯವನ್ನೂ ಕೇಳಿ. ತಪ್ಪಾದರೆ ದಂಡ ಕಟ್ಟಿ ಮುಗಿಯುವ ವಿಷಯ ಅಲ್ಲ, ಇಲ್ಲಿನ ವಾಸಕ್ಕೇ ಕುತ್ತು.

ಮನೆಯಲ್ಲಿ ಅಭ್ಯಾಸಕ್ಕೆ: ಕೋವಿ ಖಾಲಿ ಅಂತ ಇಬ್ಬರು ನೋಡಿ ಖಾತ್ರಿ ಮಾಡಿಕೊಂಡು, ಶೆಲ್ ಇರುವ ಕೋಣೆಯಿಂದ ದೂರ, ಕನ್ನಡಿ ಮುಂದೆ ಭುಜಕ್ಕೇರಿಸುವುದನ್ನು ಮಾಡಿಸಿ. ಕೆನ್ನೆಗೆ ಕೋವಿ ಬರಬೇಕು, ಕೋವಿಗೆ ಕೆನ್ನೆ ಹೋಗಬಾರದು. ಸ್ವಲ್ಪ ಹೊತ್ತು ಸಾಕು. ತೋಳು ನಡುಗಲು ಶುರುವಾದರೆ ನಿಲ್ಲಿಸಿ, ಸುಸ್ತಾದ ತೋಳು ಕೆಟ್ಟದ್ದನ್ನೇ ಕಲಿಯುತ್ತದೆ. ರೇಂಜಿನಲ್ಲಿ ಮೊದಲ ಕೆಲವು ವಾರ 25 ಕ್ಲೇಯ ಒಂದೇ ರೌಂಡ್. "ಇನ್ನೊಂದು ರೌಂಡ್ ಅಮ್ಮಾ" ಅಂದರೂ ಬೇಡ ಅನ್ನಿ. ಇಯರ್ ಪ್ಲಗ್ ಮೇಲೆ ಇಯರ್ ಮಫ್, ಎರಡೂ ಹಾಕಿಸಿ. ಫ್ಲಿಂಚ್‌ನಲ್ಲಿ ಅರ್ಧ ಪಾಲು ಸದ್ದಿನದು ಅಂತ ನನ್ನ ನಂಬಿಕೆ. ಆದರೆ ದಪ್ಪ ಮಫ್ ಸ್ಟಾಕಿಗೆ ತಾಗಿ ಕೆನ್ನೆ ಸರಿಯಾಗಿ ಕೂರದಿದ್ದರೆ ತೆಳುವಾದದ್ದು ತಗೊಳ್ಳಿ.

ಈ ಶನಿವಾರ ಅಂಗಡಿಗೆ ಹೋಗುವ ಬದಲು ಕೋಚ್‌ಗೆ ಫೋನ್ ಮಾಡಿ. ತುಂಬಾ ಟೀಮುಗಳಲ್ಲಿ ಹೊಸ ಮಕ್ಕಳಿಗೆ ಕೊಡಲು ಗಿಡ್ಡ ಸ್ಟಾಕಿನ ಕೋವಿ ಇರುತ್ತದೆ. ಇಲ್ಲದಿದ್ದರೂ ಹಿಂದಿನ ವರ್ಷ ಎತ್ತರ ಬೆಳೆದ ಯಾವುದಾದರೂ ಮಗುವಿನ ಕೋವಿ ಮಾರಾಟಕ್ಕೆ ಇರುತ್ತದೆ. ಅದನ್ನು ಭುಜಕ್ಕೇರಿಸಿದ ಫೋಟೋ ಪಕ್ಕದಿಂದ ಒಂದು, ಎದುರಿನ ಬದಲು ಹಿಂದಿನಿಂದ ಒಂದು ತೆಗೆದು ಇಲ್ಲಿ ಹಾಕಿ, ಮುಖ ಮಸುಕು ಮಾಡಿ. ಸ್ಟಾಕ್ ಎಷ್ಟು ಕತ್ತರಿಸಬೇಕು ಅಂತ ನೋಡಿ ಹೇಳುತ್ತೇನೆ. ಫೋಟೋ ತೆಗೆಯುವಾಗ ಕೋವಿ ಖಾಲಿ ಇರಲಿ, ಬೆರಳು ಟ್ರಿಗರ್ ಗಾರ್ಡಿನ ಹೊರಗಿರಲಿ.